ಪೆಟ್ಟಿಗೆ ಚಿಕ್ಕದಾಯಿತು, ಸದ್ದು ದೊಡ್ಡದಾಯಿತು

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಗಣಿತ ಶಿಕ್ಷಕಿ. ಕಾರವಾರದ ಕೋಡಿಬಾಗದ ಚಿಕ್ಕ ಫ್ಲ್ಯಾಟಿಗೆ ಬಂದ ಮೇಲೆ ಹಳೆಯ ದೊಡ್ಡ ಕಂಪ್ಯೂಟರಿಗೆ ಜಾಗ ಸಾಲದೆ, ಅದರ ಇಂಟೆಲ್ ಐ5 12400 ಪ್ರೊಸೆಸರನ್ನು ಮಿನಿ ಐಟಿಎಕ್ಸ್ ಎಂಬ ಪುಟ್ಟ ಅಳತೆಯ ಹೊಸ ಮದರ್‌ಬೋರ್ಡಿಗೆ ಹಾಕಿಸಿ, ಹತ್ತು ಲೀಟರಿನಷ್ಟು ಗಾತ್ರದ ಪುಟ್ಟ ಕ್ಯಾಬಿನೆಟ್ ಮಾಡಿಸಿಕೊಂಡೆ. ಪ್ರೊಸೆಸರನ್ನು ತಣ್ಣಗಿಡುವ ಹಳೆಯ ಎತ್ತರದ ಕೂಲರ್ ಇದರೊಳಗೆ ಹಿಡಿಯಲಿಲ್ಲ. ಪ್ರೊಸೆಸರಿನ ಜೊತೆಗೆ ಬಂದಿದ್ದ ಕೂಲರನ್ನೇ ಕೂರಿಸಿದ್ದಾರೆ. ಹತ್ತನೆಯ ತರಗತಿಯ ಮಕ್ಕಳಿಗಾಗಿ ನಾನು ಪಾಠಗಳನ್ನು ಧ್ವನಿಮುದ್ರಿಸುತ್ತೇನೆ. ಈಗ ಪ್ರತಿ ಪಾಠದಲ್ಲೂ ಹಿನ್ನೆಲೆಯಲ್ಲಿ ಗುಂಯ್ ಎನ್ನುವ ಸದ್ದು ಕೇಳಿಸುತ್ತದೆ. ವಿಡಿಯೊ ಸಿದ್ಧಪಡಿಸುವಾಗಲಂತೂ ಫ್ಯಾನ್ ಏರುತ್ತ ಇಳಿಯುತ್ತ ಕಿರುಚುತ್ತದೆ. ಆಗ ಉಷ್ಣತೆ 92 ಡಿಗ್ರಿ ತೋರಿಸುತ್ತದೆ. ಅಂಗಡಿಯವರು ಇನ್ನೆರಡು ಫ್ಯಾನ್ ಹಾಕಿಸಿ ಎನ್ನುತ್ತಾರೆ. ಹಾಕಿಸಲೇ? ಕ್ಯಾಬಿನೆಟ್ಟಿನ ಒಳಗಿನ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಉತ್ತರ: ಸದ್ಯಕ್ಕೆ ಹಾಕಿಸಬೇಡಿ. ನೀವು ಕಳಿಸಿದ ಎರಡನೆಯ ಚಿತ್ರದಲ್ಲಿಯೇ ಅರ್ಧ ಉತ್ತರ ಇದೆ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ 80 ಮಿಲಿಮೀಟರಿನ ಚಿಕ್ಕ ಫ್ಯಾನ್ ಒಂದಿದೆಯಲ್ಲ, ಅದರ ಕೆಂಪು ಮತ್ತು ಕಪ್ಪು ವೈರುಗಳು ಬೋರ್ಡಿಗೆ ಹೋಗುವ ಬದಲು ಪವರ್ ಸಪ್ಲೈಯಿಂದ ಬಂದ ದೊಡ್ಡ ಬಿಳಿಯ ಕನೆಕ್ಟರಿಗೆ ನೇರವಾಗಿ ಸೇರಿಕೊಂಡಿವೆ. ಹೀಗೆ ಜೋಡಿಸಿದ ಫ್ಯಾನಿಗೆ ಸದಾ ಪೂರ್ತಿ 12 ವೋಲ್ಟ್ ಸಿಗುವುದರಿಂದ, ಪ್ರೊಸೆಸರ್ ತಣ್ಣಗಿದ್ದರೂ ಬಿಸಿಯಾಗಿದ್ದರೂ ಅದು ಒಂದೇ ಸಮನೆ ಪೂರ್ಣ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ನೀವು ಧ್ವನಿಮುದ್ರಣ ಮಾಡುವಾಗ ಪ್ರೊಸೆಸರಿಗೆ ಹೇಳಿಕೊಳ್ಳುವಂಥ ಕೆಲಸವೇ ಇರುವುದಿಲ್ಲ. ಆದ್ದರಿಂದ ಪಾಠದ ಹಿನ್ನೆಲೆಯ ಗುಂಯ್‌ಗಾಟ ಬಹುಮಟ್ಟಿಗೆ ಈ ಪುಟ್ಟ ಫ್ಯಾನಿನದು, ವಿಡಿಯೊ ಸಿದ್ಧಪಡಿಸುವಾಗಿನ ಕಿರುಚಾಟ ಪ್ರೊಸೆಸರಿನ ಮೇಲಿನ ಫ್ಯಾನಿನದು. ಇವು ಎರಡು ಬೇರೆ ಕಾಯಿಲೆಗಳು, ಮದ್ದೂ ಬೇರೆ.

ಖಚಿತಪಡಿಸಿಕೊಳ್ಳಲು ಒಂದು ಸುಲಭದ ಉಪಾಯವಿದೆ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯೊಂದನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಕ್ಯಾಬಿನೆಟ್ಟಿನ ಹೊರಮೈಯ ಒಂದೊಂದು ಜಾಲರಿಯ ಹತ್ತಿರ ಒಯ್ಯಿರಿ. ಯಾವ ಫ್ಯಾನ್ ಯಾವ ರಾಗ ಹಾಡುತ್ತಿದೆ ಎಂದು ಕೂಡಲೇ ತಿಳಿಯುತ್ತದೆ. ಆಮೇಲೆ ಕಂಪ್ಯೂಟರನ್ನು ಪೂರ್ತಿ ಬಂದ್ ಮಾಡಿ, ಪ್ಲಗ್ ಕಿತ್ತು, ಹಿಂಬದಿಯ ಫ್ಯಾನಿನ ಕನೆಕ್ಟರನ್ನು ಬಿಡಿಸಿ, ಮತ್ತೆ ಹಚ್ಚಿ ಐದು ನಿಮಿಷ ಕೇಳಿ. ಬರಿಯ ಬರವಣಿಗೆಯ ಕೆಲಸದಲ್ಲಿ ಅಷ್ಟು ಹೊತ್ತು ಆ ಫ್ಯಾನ್ ಇಲ್ಲದಿದ್ದರೆ ಯಂತ್ರಕ್ಕೆ ಏನೂ ಆಗುವುದಿಲ್ಲ.

ಫ್ಯಾನುಗಳ ಸದ್ದಿನ ಲೆಕ್ಕ ನಮ್ಮ ಊಹೆಯಂತೆ ನಡೆಯುವುದಿಲ್ಲ. ನೀವು ಗಣಿತದವರಾದ್ದರಿಂದ ಇದನ್ನು ತುಸು ಬಿಡಿಸಿ ಹೇಳುತ್ತೇನೆ. ಫ್ಯಾನ್ ನೂಕುವ ಗಾಳಿಯ ಪ್ರಮಾಣ ಅದರ ವೇಗದ ಅನುಪಾತದಲ್ಲಿ ಬದಲಾಗುತ್ತದೆ. ಆದರೆ ಸದ್ದು ಅದಕ್ಕಿಂತ ಬಹಳ ತೀವ್ರವಾಗಿ ಬದಲಾಗುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ತಗ್ಗುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುವುದರಿಂದ, 15 ಎಂದರೆ ಎಷ್ಟೆಂದು ನೀವೇ ಅಂದಾಜಿಸಬಹುದು. ಅಂಗಡಿಯವರ ಸಲಹೆಯಂತೆ ಅಂಥದೇ ಇನ್ನೊಂದು ಫ್ಯಾನನ್ನು ಅದೇ ವೇಗದಲ್ಲಿ ತಿರುಗಿಸಿದರೆ ಸದ್ದು 3 ಡೆಸಿಬೆಲ್ ಏರುತ್ತದೆ. ಫ್ಯಾನ್ ಹೆಚ್ಚಿಸಿ ಎಲ್ಲವುಗಳ ವೇಗ ತಗ್ಗಿಸುವುದು ದೊಡ್ಡ ಕ್ಯಾಬಿನೆಟ್ಟಿನಲ್ಲಿ ಒಳ್ಳೆಯ ಉಪಾಯವೇ ಹೌದು. ಆದರೆ ನಿಮ್ಮದರಲ್ಲಿ ದೊಡ್ಡ ಫ್ಯಾನ್ ಹಿಡಿಯುವ ಜಾಗವಿಲ್ಲ, ಹಿಡಿಯುವಂಥ ಚಿಕ್ಕವು ವೇಗವಾಗಿ ತಿರುಗಿದರೆ ಮಾತ್ರ ಉಪಯೋಗಕ್ಕೆ ಬರುತ್ತವೆ.

ಇನ್ನು ನಿಜಕ್ಕೂ ಎಷ್ಟು ಗಾಳಿ ಬೇಕು ಎಂಬುದು. ಒಳಗೆ ಬಂದ ಗಾಳಿ 10 ಡಿಗ್ರಿ ಬಿಸಿಯಾಗಿ ಹೊರಹೋಗಲಿ ಎಂದು ಇಟ್ಟುಕೊಂಡರೆ, 100 ವಾಟ್ ಶಾಖವನ್ನು ಹೊತ್ತೊಯ್ಯಲು ಗಂಟೆಗೆ ಸುಮಾರು 30 ಘನ ಮೀಟರ್ ಗಾಳಿ ಸಾಕು. 120 ಮಿಲಿಮೀಟರಿನ ಒಂದು ಸಾಧಾರಣ ಫ್ಯಾನ್ ನಿಮಿಷಕ್ಕೆ 800 ಸುತ್ತಿನ ಮಂದ ವೇಗದಲ್ಲಿಯೂ ಅಡೆತಡೆಯಿಲ್ಲದ ಕಡೆ ಇದಕ್ಕಿಂತ ಸಾಕಷ್ಟು ಹೆಚ್ಚು ಗಾಳಿ ನೂಕುತ್ತದೆ. ಎಂದಮೇಲೆ ಪೆಟ್ಟಿಗೆ ಚಿಕ್ಕದು ಎಂಬುದು ತೊಂದರೆಯ ಮೂಲವಲ್ಲ. ಗಾಳಿಯ ದಾರಿ ಇಕ್ಕಟ್ಟಾಗಿ, ಒಮ್ಮೆ ಬಿಸಿಯಾದ ಗಾಳಿಯನ್ನೇ ಕೂಲರ್ ಮತ್ತೆ ಮತ್ತೆ ಎಳೆದುಕೊಳ್ಳುತ್ತಿರುವುದೇ ಮೂಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು, ಹಣ ಖರ್ಚಾಗದ ಕೆಲಸ: ಶಾಖವನ್ನೇ ಕಡಿಮೆ ಮಾಡುವುದು. ನಿಮ್ಮ ಪ್ರೊಸೆಸರಿಗೆ ಇಂಟೆಲ್ ನಮೂದಿಸಿರುವ ಮೂಲ ವಿದ್ಯುತ್ ಮಿತಿ 65 ವಾಟ್. ಜೋರಿನ ಕೆಲಸದಲ್ಲಿ ಅದು 117 ವಾಟ್‌ವರೆಗೆ ಏರಬಹುದು. ಸ್ವಲ್ಪ ಹೊತ್ತು ಏರಿ ಮತ್ತೆ 65ಕ್ಕೆ ಇಳಿಯಬೇಕೆಂಬುದು ಉದ್ದೇಶವಾದರೂ ಅನೇಕ ಬೋರ್ಡುಗಳು ಮೇಲಿನ ಮಿತಿಯಲ್ಲಿಯೇ ಎಷ್ಟು ಹೊತ್ತಾದರೂ ಓಡಲು ಬಿಡುತ್ತವೆ. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಕೀಲಿ ಒತ್ತಿ, ಬೋರ್ಡಿನ ಮೂಲ ಹೊಂದಾಣಿಕೆಗಳಿರುವ ಬಯೋಸ್ ಒಳಹೊಕ್ಕು, ಲಾಂಗ್ ಡ್ಯುರೇಶನ್ ಪವರ್ ಲಿಮಿಟ್ ಎಂದಿರುವಲ್ಲಿ 65, ಶಾರ್ಟ್ ಡ್ಯುರೇಶನ್ ಪವರ್ ಲಿಮಿಟ್ ಎಂದಿರುವಲ್ಲಿಯೂ 65 ಅಥವಾ 70 ಎಂದು ಬರೆಯಿರಿ. ವಿಡಿಯೊ ಸಿದ್ಧವಾಗಲು ತುಸು ಹೆಚ್ಚು ಹೊತ್ತು ಹಿಡಿಯಬಹುದು. ಅಷ್ಟರಲ್ಲಿ ನೀವು ಒಂದು ಲೋಟ ಚಹಾ ಕುಡಿದು ಬನ್ನಿ. ಯಂತ್ರ ಮಾತ್ರ ಕಿರುಚುವುದನ್ನು ಬಿಡುತ್ತದೆ.

ಎರಡನೆಯದು, ಫ್ಯಾನಿನ ಏರಿಳಿತ. ನನ್ನ ಅನುಭವದಲ್ಲಿ ಮನುಷ್ಯನಿಗೆ ಸಿಟ್ಟು ತರಿಸುವುದು ಜೋರಾದ ಸದ್ದಿಗಿಂತ ಹೆಚ್ಚಾಗಿ ಬದಲಾಗುತ್ತಲೇ ಇರುವ ಸದ್ದು. ಸಮುದ್ರದ ಮೊರೆತ ಇಡೀ ರಾತ್ರಿ ಕೇಳಿಸಿದರೂ ನಿಮ್ಮ ಊರಿನವರಿಗೆ ನಿದ್ದೆ ಬರುತ್ತದೆ, ತೊಟ್ಟಿಕ್ಕುವ ನಲ್ಲಿಗೆ ಬರುವುದಿಲ್ಲ. ನೀವು ಬ್ರೌಸರನ್ನು ತೆರೆದ ಮರುಕ್ಷಣವೇ ಪ್ರೊಸೆಸರಿನ ಉಷ್ಣತೆ 45ರಿಂದ 65 ಡಿಗ್ರಿಗೆ ನೆಗೆದು, ಎರಡು ಸೆಕೆಂಡುಗಳಲ್ಲಿ ಮತ್ತೆ ಕೆಳಗಿಳಿಯುತ್ತದೆ. ಫ್ಯಾನ್ ಅದರ ಹಿಂದೆಯೇ ಓಡುತ್ತದೆ. ಆ ಎರಡು ಸೆಕೆಂಡಿನ ಶಾಖವನ್ನು ಕೂಲರಿನ ಲೋಹವೇ ಹೀರಿಕೊಳ್ಳಬಲ್ಲದು. ಫ್ಯಾನ್ ಗಾಬರಿ ಬೀಳಬೇಕಾದ ಕಾರಣವಿಲ್ಲ. ಆದ್ದರಿಂದ ಬಯೋಸ್‌ನ ಫ್ಯಾನ್ ವಿಭಾಗದಲ್ಲಿ 65 ಡಿಗ್ರಿಯವರೆಗೆ ಶೇಕಡಾ 30ರಷ್ಟು ಸ್ಥಿರ ವೇಗ, 78ಕ್ಕೆ ಶೇಕಡಾ 50, 88ಕ್ಕೆ ಶೇಕಡಾ 75, ಅದರಾಚೆಗೆ ಪೂರ್ಣ ವೇಗ ಎಂದು ಗೆರೆ ಎಳೆಯಿರಿ. ಫ್ಯಾನಿನ ವೇಗ ಏರಲು, ಇಳಿಯಲು ಹಿಡಿಯುವ ಸ್ಟೆಪ್ ಅಪ್, ಸ್ಟೆಪ್ ಡೌನ್ ಎಂಬ ಕಾಲಾವಧಿಗಳಿದ್ದರೆ ಅವನ್ನು ನಾಲ್ಕೈದು ಸೆಕೆಂಡಿಗೆ ಏರಿಸಿ. ಈ ಪ್ರೊಸೆಸರ್ ತನ್ನನ್ನು ತಾನೇ ನಿಧಾನಗೊಳಿಸಿಕೊಳ್ಳುವುದು 100 ಡಿಗ್ರಿಯಲ್ಲಿ. 80ರ ಆಸುಪಾಸು ಕಂಡು ಭಯಪಡಬೇಕಾಗಿಲ್ಲ. ಜಾಲತಾಣದ ವಿಮರ್ಶೆಗಳಲ್ಲಿ ಇದೇ ಕೂಲರಿಗೆ ಇನ್ನೂ ಕಡಿಮೆ ಉಷ್ಣತೆ ಬರೆದಿರುತ್ತಾರೆ ಎಂದು ನೀವು ಕೇಳಬಹುದು. ಅವು ಹೆಚ್ಚಾಗಿ 20–25 ಡಿಗ್ರಿಯ ಕೋಣೆಗಳಲ್ಲಿ ಅಳೆದವು. ಮೇ ತಿಂಗಳ ಕಾರವಾರದ ಸೆಕೆಯಲ್ಲಿ ನಿಮ್ಮ ಕೋಣೆಯೇ 33 ಡಿಗ್ರಿ ಇದ್ದರೆ, ಒಳಗಿನ ಅಂಕಿಗಳೂ ಸರಿಸುಮಾರು ಆ ವ್ಯತ್ಯಾಸದಷ್ಟೇ ಮೇಲಕ್ಕೆ ಸರಿಯುತ್ತವೆ.

ಹಿಂಬದಿಯ 80 ಮಿಲಿಮೀಟರಿನ ಫ್ಯಾನನ್ನು ತೆಗೆದು, ಅದೇ ಅಳತೆಯ ನಾಲ್ಕು ಪಿನ್ನಿನ ಫ್ಯಾನನ್ನು ಬೋರ್ಡಿನ ಮೇಲಿರುವ ಫ್ಯಾನ್ ಕನೆಕ್ಟರಿಗೆ ಹಾಕಿಸಿ. ಮೂರು ಪಿನ್ನಿನದೇ ಸಿಕ್ಕರೂ ನಡೆಯುತ್ತದೆ, ಬಯೋಸ್‌ನಲ್ಲಿ ಆ ಕನೆಕ್ಟರನ್ನು, ವೋಲ್ಟೇಜು ಏರಿಳಿಸಿ ವೇಗ ಬದಲಿಸುವ ಡಿಸಿ ವಿಧಾನಕ್ಕೆ ಬದಲಿಸಿದರಾಯಿತು. ಸ್ಕ್ರೂಗಳ ಬದಲು ರಬ್ಬರಿನ ಗೂಟಗಳಿಂದ ಕೂರಿಸಿದರೆ ಫ್ಯಾನಿನ ಅದುರು ತಗಡಿಗೆ ದಾಟುವುದಿಲ್ಲ. ಪುಟ್ಟ ಕ್ಯಾಬಿನೆಟ್ಟಿನ ತೆಳ್ಳನೆಯ ತಗಡು ತಮಟೆಯ ಚರ್ಮದಂತೆ. ಚಿಕ್ಕ ಅದುರನ್ನೂ ಹಿಗ್ಗಿಸಿ ನುಡಿಸುತ್ತದೆ.

ಈಗ ಖರ್ಚಿನ ವಿಚಾರ. ಮೇಲಿನದೆಲ್ಲ ಮಾಡಿದ ಮೇಲೂ ವಿಡಿಯೊ ಸಿದ್ಧಪಡಿಸುವಾಗಿನ ಸದ್ದು ಸಹಿಸಲಾಗದಿದ್ದರೆ ಮಾತ್ರ ಪ್ರೊಸೆಸರಿನ ಕೂಲರನ್ನು ಬದಲಿಸಿ. ಗಿಡ್ಡ ಕೂಲರುಗಳಲ್ಲಿ ಎರಡು ಜಾತಿ. ನೊಕ್ಟುವಾ ಎನ್‌ಎಚ್ ಎಲ್9ಐ ಥರದವು ಫ್ಯಾನ್ ಸೇರಿ 37 ಮಿಲಿಮೀಟರ್ ಎತ್ತರದವು, ಬಹಳ ಇಕ್ಕಟ್ಟಾದ ಕಡೆ ಮಾತ್ರ ಅರ್ಥಪೂರ್ಣ. ಅದೇ ಕಂಪನಿಯ ಎನ್‌ಎಚ್ ಎಲ್12ಎಸ್ ಥರದವು 120 ಮಿಲಿಮೀಟರಿನ ಫ್ಯಾನ್ ಹೊತ್ತ 70 ಮಿಲಿಮೀಟರ್ ಎತ್ತರದವು. ಕೊಳ್ಳುವ ಮೊದಲು ಪಕ್ಕದ ಮುಚ್ಚಳ ತೆಗೆದು, ಪ್ರೊಸೆಸರಿನ ಮೇಲ್ಮೈಯಿಂದ ಕ್ಯಾಬಿನೆಟ್ಟಿನ ಅಂಚಿನವರೆಗೆ ಸ್ಕೇಲಿನಿಂದ ಅಳೆಯಿರಿ. ರ‍್ಯಾಮ್ ಪಟ್ಟಿಗಳ ಎತ್ತರವನ್ನೂ ಅಳೆಯಿರಿ, ಹಲವರು ಮರೆಯುವುದು ಅದನ್ನೇ. ಇರುವ ಜಾಗದಲ್ಲಿ ಎಷ್ಟು ದೊಡ್ಡ ಫ್ಯಾನಿನ ಕೂಲರ್ ಹಿಡಿಯುತ್ತದೋ ಅಷ್ಟು ದೊಡ್ಡದನ್ನು ಹಾಕಿಸುವುದು ಲೇಸು; ಅದು ಮೆಲ್ಲಗೆ ತಿರುಗಿ ಅದೇ ಕೆಲಸ ಮಾಡುತ್ತದೆ.

ಹೊಸ ಕೂಲರ್ ಕೊಂಡರೂ ಕೊಳ್ಳದಿದ್ದರೂ ಒಂದನ್ನು ಮಾತ್ರ ಮಾಡಿ ನೋಡಿ. ನಿಮ್ಮ ಮೂರನೆಯ ಚಿತ್ರದಲ್ಲಿ ಕೂಲರಿನ ಫ್ಯಾನಿಗೂ ಪಕ್ಕದ ಮುಚ್ಚಳದ ತೂತುಗಳಿಗೂ ನಡುವೆ ಎರಡು ಬೆರಳಿನಷ್ಟು ಅಂತರ ಕಾಣುತ್ತದೆ. ಆ ಸಂದಿಯಿಂದ ಫ್ಯಾನ್ ಒಳಗಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತಿದೆ. ಬಾಗಿಲ ಸಂದಿಗೆ ಅಂಟಿಸಲು ಮಾರುವ ಸ್ಪಂಜಿನ ಪಟ್ಟಿಯನ್ನು ತಂದು, ಫ್ಯಾನಿನ ಸುತ್ತ ಚೌಕಾಕಾರದ ಗೋಡೆಯಂತೆ ಮುಚ್ಚಳದ ಒಳಮೈಗೆ ಅಂಟಿಸಿ, ಮುಚ್ಚಿದಾಗ ಅದು ಫ್ಯಾನಿನ ಚೌಕಟ್ಟಿಗೆ ಹಗುರವಾಗಿ ತಾಗುವಂತೆ ಮಾಡಿ. ಫ್ಯಾನ್ ಆಗ ಹೊರಗಿನ ಗಾಳಿಯನ್ನಷ್ಟೇ ಕುಡಿಯುತ್ತದೆ. ನನ್ನ ಶಿರಸಿಯ ಮನೆಯ ಯಂತ್ರಕ್ಕೆ ಇದನ್ನು ಮಾಡಿದಾಗ ದುಡಿಮೆಯ ಹೊತ್ತಿನ ಉಷ್ಣತೆ ಆರು ಡಿಗ್ರಿ ಇಳಿಯಿತು. ಮೊದಲ ಸಲ ಪಟ್ಟಿ ಉದ್ದವಾಗಿ, ಅದರ ತುದಿ ರೆಕ್ಕೆಗೆ ತಾಗಿ ಟರ್ರ್ ಎಂದು ಮನೆಯವರನ್ನೆಲ್ಲ ಎಬ್ಬಿಸಿದ್ದನ್ನೂ ಹೇಳಿಬಿಡುತ್ತೇನೆ, ಕತ್ತರಿಸುವಾಗ ನೋಡಿಕೊಳ್ಳಿ.

ಕಂಪ್ಯೂಟರನ್ನು ಮೇಜಿನ ಕೆಳಗಿನ ಬಾಗಿಲಿರುವ ಗೂಡಿನಲ್ಲಿ ಇಟ್ಟಿದ್ದೀರಿ ಎಂದು ಮೊದಲ ಚಿತ್ರ ಹೇಳುತ್ತದೆ. ಅಲ್ಲಿ ಇಟ್ಟರೆ ಸದ್ದು ಅಡಗುತ್ತದೆ ಎನಿಸುವುದು ಸಹಜ. ಆದರೆ ಗೂಡು ಅರ್ಧ ಗಂಟೆಯಲ್ಲಿ ಬಚ್ಚಲ ಒಲೆಯಂತೆ ಕಾದು, ಫ್ಯಾನುಗಳೆಲ್ಲ ಇನ್ನಷ್ಟು ಜೋರಾಗುತ್ತವೆ. ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣು ದೂರದಲ್ಲಿ, ದಪ್ಪ ರಬ್ಬರಿನ ತುಂಡುಗಳ ಮೇಲೆ ನೆಲದಲ್ಲಿಡಿ. ಮೈಕಿನ ಮೇಜಿಗೂ ಕಂಪ್ಯೂಟರಿಗೂ ಸಂಬಂಧವೇ ಇರಬಾರದು. ನಿಮ್ಮ ಮೈಕ್ ಎದುರಿನ ದನಿಯನ್ನು ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಜಾತಿಯದಾಗಿದ್ದರೆ ಅದರ ಬೆನ್ನು ಕಂಪ್ಯೂಟರಿನ ಕಡೆಗಿರಲಿ. ಮೈಕನ್ನು ಬಾಯಿಗೆ ಇನ್ನೂ ಅರ್ಧದಷ್ಟು ಹತ್ತಿರ ತಂದು ಅದರ ಗ್ರಹಣಶಕ್ತಿಯನ್ನು (ಗೇನ್) ತಗ್ಗಿಸಿದರೆ, ನಿಮ್ಮ ದನಿಗೆ ಹೋಲಿಸಿ ಹಿನ್ನೆಲೆಯ ಸದ್ದು ಸುಮಾರು 6 ಡೆಸಿಬೆಲ್ ಕಡಿಮೆಯಾಗುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಇಷ್ಟೆಲ್ಲ ಆದ ಮೇಲೆ ನಿಮ್ಮ ಪಾಠದಲ್ಲಿ ಉಳಿಯುವ ಸದ್ದು ಸೀಲಿಂಗ್ ಫ್ಯಾನಿನದಾಗಿರುತ್ತದೆ. ಅದಕ್ಕೆ ಬೆಳಗಿನ ತಂಪು ಹೊತ್ತಿನಲ್ಲಿ ಪಾಠ ಮುದ್ರಿಸುವುದಲ್ಲದೆ ಬೇರೆ ಉಪಾಯ ನನಗೆ ಹೊಳೆಯುವುದಿಲ್ಲ.

ಪ್ರಶ್ನೆ: ನಾನು ಶಿರಸಿ ತಾಲೂಕಿನ ಹಳ್ಳಿಯವನು. ತಾಳಮದ್ದಳೆಯ ವಿಡಿಯೊಗಳನ್ನು ಸಂಕಲನ ಮಾಡುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಇರುವ ನನ್ನ ಕಂಪ್ಯೂಟರನ್ನು ಚಿಕ್ಕ ಕ್ಯಾಬಿನೆಟ್ಟಿಗೆ ಬದಲಿಸಬೇಕೆಂದಿದ್ದೇನೆ. ಪ್ರೊಸೆಸರಿಗೆ 120 ಮಿಲಿಮೀಟರಿನ ಲಿಕ್ವಿಡ್ ಕೂಲರ್ ಹಾಕಿದರೆ ಸದ್ದೇ ಇರುವುದಿಲ್ಲವಂತೆ, ನಿಜವೇ?

ಉತ್ತರ: ನಿಜವಲ್ಲ. ನೀರು ಶಾಖವನ್ನು ಪ್ರೊಸೆಸರಿನಿಂದ ರೇಡಿಯೇಟರ್ ಎಂಬ ತೆಳು ಲೋಹದ ಪಟ್ಟಿಗಳ ಚೌಕಟ್ಟಿಗೆ ಸಾಗಿಸುತ್ತದೆ, ಅಷ್ಟೇ. ಅಲ್ಲಿಂದ ಗಾಳಿಗೆ ದಾಟಿಸಲು ಫ್ಯಾನ್ ಬೇಕೇ ಬೇಕು. 120 ಮಿಲಿಮೀಟರಿನ ಒಂಟಿ ರೇಡಿಯೇಟರ್ ಅಷ್ಟೇ ಅಳತೆಯ ಫ್ಯಾನಿರುವ ಒಳ್ಳೆಯ ಗಾಳಿ ಕೂಲರಿಗಿಂತ ಮಹಾ ಏನೂ ಮೇಲಲ್ಲ, ಮೇಲಾಗಿ ಪಂಪಿನ ಸಣ್ಣ ಗುಂಯ್‌ಕಾರ ಯಂತ್ರ ಸುಮ್ಮನಿರುವಾಗಲೂ ನಿಲ್ಲುವುದಿಲ್ಲ. ರಾತ್ರಿ ಎರಡು ಗಂಟೆಗೆ ಭಾಗವತರ ಆಲಾಪದ ಕೊನೆಯ ಎಳೆಯನ್ನು ಕೇಳಿ ಕತ್ತರಿಸುವ ನಿಮಗೆ ಆ ಪಂಪ್ ಹಿತವೆನಿಸಲಾರದು. ಎತ್ತರದ ಕೂಲರ್ ಹಿಡಿಯದ, ಆದರೆ 240 ಮಿಲಿಮೀಟರಿನ ರೇಡಿಯೇಟರ್ ಹಿಡಿಯುವ ಕ್ಯಾಬಿನೆಟ್ ಆಗಿದ್ದರೆ ಮಾತು ಬೇರೆ. ಆಗಲೂ ರೇಡಿಯೇಟರಿನ ಮೇಲಂಚು ಪಂಪಿಗಿಂತ ಎತ್ತರದಲ್ಲಿರುವಂತೆ ಕೂರಿಸಬೇಕು. ಇಲ್ಲದಿದ್ದರೆ ಒಳಗಿನ ಗಾಳಿಗುಳ್ಳೆಗಳು ಪಂಪಿನಲ್ಲಿ ಸೇರಿಕೊಂಡು ಗುಳುಗುಳು ಎನ್ನುತ್ತವೆ, ಪಂಪೂ ಬೇಗ ಸವೆಯುತ್ತದೆ.

ನಿಮ್ಮ ಯಂತ್ರದಲ್ಲಿ ಸದ್ದಿನ ನಿಜವಾದ ಒಡೆಯ ಗ್ರಾಫಿಕ್ಸ್ ಕಾರ್ಡ್ ಇರಬೇಕು. ಅದರ ಚಾಲಕ ತಂತ್ರಾಂಶದಲ್ಲಿಯೋ ಕಾರ್ಡನ್ನು ಹತೋಟಿಯಲ್ಲಿಡುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿಯೋ ಪವರ್ ಲಿಮಿಟ್ ಅನ್ನು ಶೇಕಡಾ 75–80ಕ್ಕೆ ಇಳಿಸಿ ನೋಡಿ. ಸಾಮಾನ್ಯವಾಗಿ ಇಳಿಸಿದಷ್ಟು ಪ್ರಮಾಣದಲ್ಲಿ ಕೆಲಸದ ವೇಗ ಇಳಿಯುವುದಿಲ್ಲ. ಏಕೆಂದರೆ ಗಡಿಯಂಚಿನ ಕೊನೆಯ ವೇಗಕ್ಕಾಗಿ ಚಿಪ್ಪು ಹೆಚ್ಚಿನ ವೋಲ್ಟೇಜು ಕುಡಿಯುತ್ತದೆ. ವ್ಯಯವಾಗುವ ವಿದ್ಯುತ್ತು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕ್ಯಾಬಿನೆಟ್ ಆರಿಸುವಾಗ ಕಾರ್ಡಿನ ಫ್ಯಾನುಗಳ ಎದುರಿಗೇ ತೂತುಗಳಿರುವ ಮುಚ್ಚಳದ್ದನ್ನು ಆರಿಸಿ. ಗಾಜಿನ ಮುಚ್ಚಳ ನೋಡಲು ಚೆಂದ, ಉಸಿರಾಡಲು ಅಲ್ಲ. ಮಲೆನಾಡಿನ ಕೆಂಪು ಧೂಳಿಗೆ ಆ ತೂತುಗಳ ಮೇಲೆ ನವಿರಾದ ಜಾಲರಿಯೊಂದು ಬೇಕು, ಅದನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಧೂಳು ಕಟ್ಟಿದ ಜಾಲರಿ ಯಾವ ಕೂಲರನ್ನೂ ಗದ್ದಲಗಾರನನ್ನಾಗಿ ಮಾಡಬಲ್ಲದು.

ಪ್ರಶ್ನೆ: ಹೊನ್ನಾವರದಲ್ಲಿ ಕಡಲಿಗೆ ಸಮೀಪದ ಮನೆ ನಮ್ಮದು. ಚಿಕ್ಕ ಕ್ಯಾಬಿನೆಟ್ಟಿಗೆ ಬದಲಿಸಿ ಎಂಟು ತಿಂಗಳಾಯಿತು. ಮಳೆಗಾಲ ಕಳೆದಾಗಿನಿಂದ ಬೆಳಿಗ್ಗೆ ಹಚ್ಚಿದ ಕೂಡಲೇ ಫ್ಯಾನ್ ಐದು ನಿಮಿಷ ಗರಗರ ಎನ್ನುತ್ತದೆ, ಆಮೇಲೆ ಸರಿಹೋಗುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಬಿಡಬಹುದೇ? ಮುಚ್ಚಳ ತೆಗೆದಿಟ್ಟರೆ ಸದ್ದು ಕಡಿಮೆ ಎನಿಸುತ್ತದೆ, ಹಾಗೆಯೇ ಇಡಬಹುದೇ?

ಉತ್ತರ: ಕೊಬ್ಬರಿ ಎಣ್ಣೆ ಖಂಡಿತ ಬೇಡ. ಅದು 24 ಡಿಗ್ರಿಯ ಆಸುಪಾಸಿನಲ್ಲಿಯೇ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಗಿನಲ್ಲಿ ನಿಮ್ಮ ಫ್ಯಾನ್ ತಿರುಗುವುದನ್ನೇ ನಿಲ್ಲಿಸೀತು. ಈ ಗರಗರ ಸವೆದ ಬೇರಿಂಗಿನದು. ಅಗ್ಗದ ಫ್ಯಾನುಗಳಲ್ಲಿರುವ ಸ್ಲೀವ್ ಬೇರಿಂಗ್ ನಿಲುವಾಗಿ ಕೂರಿಸಿದಾಗ ಚೆನ್ನಾಗಿಯೇ ಬಾಳುತ್ತದೆ, ಚಿಕ್ಕ ಕ್ಯಾಬಿನೆಟ್ಟುಗಳಲ್ಲಿ ಆಗುವಂತೆ ಅಂಗಾತ ಮಲಗಿಸಿದರೆ ಬೇಗ ಸವೆಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ವಾರ ತಳ್ಳಬಹುದು. ಅಷ್ಟರಲ್ಲಿ ಬಾಲ್ ಬೇರಿಂಗ್ ಅಥವಾ ಫ್ಲೂಯಿಡ್ ಡೈನಾಮಿಕ್ ಬೇರಿಂಗ್ ಎಂದು ಬರೆದಿರುವ ಹೊಸ ಫ್ಯಾನ್ ತರಿಸಿ.

ಮುಚ್ಚಳ ತೆಗೆದಾಗ ಸದ್ದು ಇಳಿದರೆ ಮುಚ್ಚಳದ ತೂತುಗಳು ಸಾಲುತ್ತಿಲ್ಲ ಎಂದರ್ಥ. ಪರೀಕ್ಷೆಯಾಗಿ ಅದು ಉಪಯುಕ್ತ, ಶಾಶ್ವತ ಏರ್ಪಾಡಾಗಿ ಅಲ್ಲ. ಉಪ್ಪಿನ ಗಾಳಿ ಕನೆಕ್ಟರುಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಬೆಚ್ಚಗಿನ ಜಾಗ ಹುಡುಕಿಕೊಂಡು ಇರುವೆಗಳು ಮೊಟ್ಟೆಗಳ ಸಮೇತ ಬಂದು ನೆಲೆಸುತ್ತವೆ, ಹಲ್ಲಿಯೂ ಬರುತ್ತದೆ. ತೆರೆದಿಟ್ಟ ಪವರ್ ಸಪ್ಲೈಯ ಹತ್ತಿರ ಹಲ್ಲಿ ಏನು ಮಾಡಬಲ್ಲದೆಂದು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಆ ದಿನ ಬೋರ್ಡೂ ಉಳಿಯಲಿಲ್ಲ, ಹಲ್ಲಿಯೂ ಉಳಿಯಲಿಲ್ಲ. ಮುಚ್ಚಳದ ತೂತುಗಳು ತೀರ ಕಡಿಮೆಯಿದ್ದರೆ ಫ್ಯಾನಿನ ಎದುರಿನ ಭಾಗವನ್ನು ಊರಿನ ಫ್ಯಾಬ್ರಿಕೇಶನ್‌ನವರಿಂದ ದುಂಡಗೆ ಕತ್ತರಿಸಿ, ಸೊಳ್ಳೆ ಪರದೆಯ ಸ್ಟೀಲ್ ಜಾಲರಿ ಹಾಕಿಸಿ. ಕತ್ತರಿಸುವಾಗ ಕಂಪ್ಯೂಟರನ್ನು ಮನೆಯಲ್ಲಿ ಬಿಟ್ಟು ಮುಚ್ಚಳವನ್ನಷ್ಟೇ ಒಯ್ಯಿರಿ. ಕಬ್ಬಿಣದ ಪುಡಿ ಬೋರ್ಡಿನ ಮೇಲೆ ಬೀಳಬಾರದು. ಮತ್ತೆ ಬರುವ ಮಳೆಗಾಲದಲ್ಲಿ, ಕೆಲಸವಿಲ್ಲದ ದಿನಗಳಲ್ಲಿಯೂ ಒಂದರ್ಧ ಗಂಟೆ ಯಂತ್ರವನ್ನು ಹಚ್ಚಿಡಿ. ಒಳಗಿನ ಬೆಚ್ಚಗಿನ ಗಾಳಿ ತೇವವನ್ನು ಹೊರಹಾಕುತ್ತದೆ.